ಮಾನಸ ಸರೋವರದ ನಕ್ಷೆ ಓದುವುದು ಹೇಗೆ?



ತರಗತಿಯ ಗೋಡೆಗೆ ಹಾಕುವ ಭೂಪಟದಲ್ಲಿ ಊರು, ನದಿ ಎಲ್ಲಿವೆ ಅಂತ ಗೊತ್ತಾಗುತ್ತದೆ. ಆದರೆ ಬೆಟ್ಟ ಎಷ್ಟು ಕಡಿದು, ಹತ್ತಬಹುದೋ ಇಲ್ಲವೋ ಅಂತ ತಿಳಿಯುವುದಿಲ್ಲ. ಅದಕ್ಕೆ ಸ್ಥಳಾಕೃತಿ ನಕ್ಷೆ ಬೇಕು. ಸಮಾಜ ಮೇಷ್ಟ್ರು ನಮಗೆ ಟಿಬೆಟ್ಟಿನ ಮಾನಸ ಸರೋವರ ಮತ್ತು ಕೈಲಾಸ ಪರ್ವತದ ಇಂಥ ನಕ್ಷೆ ತೋರಿಸಿದರು. ಅದನ್ನು ಓದುವ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ನಕ್ಷೆಯ ತುಂಬ ಕಂದು ಗೆರೆಗಳು. ಇವಕ್ಕೆ ಸಮೋನ್ನತ ರೇಖೆ ಅಂತ ಹೆಸರು. ಒಂದು ಗೆರೆ ಹಾದುಹೋಗುವ ಜಾಗವೆಲ್ಲ ಸಮುದ್ರಮಟ್ಟದಿಂದ ಒಂದೇ ಎತ್ತರ. ಬೇಸಿಗೆಯಲ್ಲಿ ನಮ್ಮ ಕೆರೆ ಬತ್ತುತ್ತಾ ಹೋದಂತೆ ದಡದ ಮೇಲೆ ಒಂದರ ಕೆಳಗೊಂದು ನೀರಿನ ಗುರುತು ಉಳಿಯುತ್ತದಲ್ಲ, ಹಾಗೇ ಇದು. ಮೇಲಿಂದ ನೋಡಿದರೆ, ದಡ ಸಪಾಟಾಗಿದ್ದ ಕಡೆ ಗುರುತುಗಳು ದೂರ ದೂರ, ಕಡಿದಾಗಿದ್ದ ಕಡೆ ಹತ್ತಿರ ಹತ್ತಿರ ಇರುತ್ತವೆ.

ಈಗ ನಕ್ಷೆ ನೋಡೋಣ. ನೀಲಿ ಬಣ್ಣದ ಮಾನಸ ಸರೋವರ ಸುಮಾರು 4,590 ಮೀಟರ್ ಎತ್ತರದಲ್ಲಿದೆ. ನೀರು ಸಮತಟ್ಟು, ಆದ್ದರಿಂದ ಅದರ ಮೇಲೆ ಕಂದು ಗೆರೆ ಇಲ್ಲ. ಅದರ ಉತ್ತರಕ್ಕೆ ಕೈಲಾಸ, ಸುಮಾರು 6,638 ಮೀಟರ್. 100 ಮೀಟರಿಗೆ ಒಂದು ಗೆರೆಯಂತೆ 4,600ರಿಂದ 6,600ರವರೆಗೆ ಎಣಿಸಿದರೆ 21 ಗೆರೆ! ಸರೋವರದ ದಡದಲ್ಲಿ ಗೆರೆಗಳು ವಿರಳ, ಅಂದರೆ ಬಯಲು. ಕೈಲಾಸದ ಹತ್ತಿರ ಒತ್ತೊತ್ತಾಗಿವೆ, ಅಂದರೆ ಗೋಡೆಯಂಥ ಬಂಡೆ. ಯಾತ್ರಿಕರ ಪ್ರದಕ್ಷಿಣೆ ದಾರಿ ಹೆಚ್ಚಾಗಿ ಕಣಿವೆಯಲ್ಲೇ ಹೋಗುತ್ತದೆ. ಆದರೆ ಡೋಲ್ಮಾ ಲಾ ಎಂಬಲ್ಲಿ ಸುಮಾರು 5,630 ಮೀಟರ್ ಎತ್ತರಕ್ಕೆ ಹತ್ತಬೇಕು. ಅಲ್ಲಿ ಗಾಳಿ ತೆಳು, ಉಸಿರಾಟ ಕಷ್ಟ. ಹೊರಡುವ ಮೊದಲೇ ನಕ್ಷೆ ಇದನ್ನು ತಿಳಿಸುತ್ತದೆ.

ಇಷ್ಟು ದೂರದ ಜಾಗವನ್ನು ಹಿಂದೆ ಅಳೆಯುತ್ತಿದ್ದದ್ದು ಹೇಗೆ? ಈಗ ಉಪಗ್ರಹಗಳಿವೆ. ಆಗ ಇರಲಿಲ್ಲ. ಟಿಬೆಟ್ಟಿಗೆ ಹೊರಗಿನವರನ್ನು ಬಿಡುತ್ತಲೂ ಇರಲಿಲ್ಲ. 1865-66ರಲ್ಲಿ ಕುಮಾವೂನಿನ ನೈನ್ ಸಿಂಗ್ ವೇಷ ಮರೆಸಿಕೊಂಡು ಲಾಸಾಕ್ಕೆ ಹೋಗಿ, ಮಾನಸ ಸರೋವರದ ದಾರಿಯಾಗಿ ವಾಪಸ್ ಬಂದರು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯ. ಜಪಮಾಲೆಯಲ್ಲಿ 108ರ ಬದಲು 100 ಮಣಿ. 100 ಹೆಜ್ಜೆಗೆ ಒಂದು ಮಣಿ ಸರಿಸುತ್ತಿದ್ದರು. ನೋಡಿದವರಿಗೆ ಜಪ, ಅವರಿಗೆ ಲೆಕ್ಕ! ಬರೆದ ಚೀಟಿಗಳನ್ನು ಪ್ರಾರ್ಥನಾ ಚಕ್ರದೊಳಗೆ ಬಚ್ಚಿಡುತ್ತಿದ್ದರು. ಎತ್ತರ ತಿಳಿಯಲು ನೀರು ಕುದಿಸಿ ಥರ್ಮಾಮೀಟರ್ ಇಡುತ್ತಿದ್ದರು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಮಾನಸ ಸರೋವರದ ಹತ್ತಿರ ಸುಮಾರು 85 ಡಿಗ್ರಿಗೇ.

ಇನ್ನೊಂದು ಸಂಗತಿ ಗೊತ್ತೇ? ಈ ಕೆಲಸಕ್ಕೆ ಬರುವ ಮೊದಲು ನೈನ್ ಸಿಂಗ್ ಶಾಲೆಯ ಮೇಷ್ಟ್ರಾಗಿದ್ದರು!

ನಿಮಗೊಂದು ಪ್ರಶ್ನೆ: ಪಕ್ಕದ ರಾಕ್ಷಸತಾಲ ಮಾನಸ ಸರೋವರಕ್ಕಿಂತ ಸುಮಾರು 15 ಮೀಟರ್ ತಗ್ಗಿನಲ್ಲಿದೆ. ಇವೆರಡರ ನಡುವಿನ ಗಂಗಾ ಛೂ ಎಂಬ ತೊರೆಯಲ್ಲಿ ನೀರು ಬಂದಾಗ ಯಾವ ಕಡೆಗೆ ಹರಿಯುತ್ತದೆ?

– 7ನೇ ತರಗತಿ