ಒಂದು ಕಾಲು ಊರಿದರೆ ಸಾಕು ಗುರು!

ನನ್ನ ಎತ್ತರ ಐದು ಅಡಿ ಒಂದು ಇಂಚು. ಕಾಲೇಜಿನಲ್ಲಿ ನನ್ನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಕ್ಯಾಂಟೀನಿನಲ್ಲಿ ನಾನು ‘ಪ್ರಚಂಡ ಕುಳ್ಳ’. ದ್ವಾರಕೀಶ್ ಸಿನಿಮಾದ ಹೆಸರು ತಾನೇ ಎಂದು ನಾನೂ ನಗುತ್ತಿದ್ದೆ. ನಗು ನಿಂತಿದ್ದು ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ತಂದ ದಿನ. ಗೆಳೆಯರು ಬೈಕ್ ನೋಡಲೇ ಇಲ್ಲ, ನನ್ನ ಕಾಲು ನೋಡಿದರು. ‘ಮಗಾ, ಇದರ ಜೊತೆ ಸ್ಟೂಲ್ ಫ್ರೀ ಕೊಟ್ರಾ?’

ಲೆಕ್ಕ ಅವರ ಕಡೆಗೇ ಇತ್ತು. ಬೈಕಿನ ಸೀಟು ನೆಲದಿಂದ 815 ಮಿ.ಮೀ. ಎತ್ತರ. ನನ್ನ ಕಾಲಿನ ಒಳ ಅಳತೆ 70 ಸೆಂ.ಮೀ. ಕೂತಾಗ ಸಸ್ಪೆನ್ಷನ್ ಒಂದಿಷ್ಟು ಕುಸಿಯುತ್ತದೆ. ಉಳಿದ ಕೊರತೆಯನ್ನು ನಾನು ತುದಿಗಾಲಿನಲ್ಲಿ ತುಂಬಿಸುತ್ತಿದ್ದೆ. ಎರಡೂ ಕಾಲಿನ ಬೆರಳುಗಳಷ್ಟೇ ನೆಲ ಮುಟ್ಟುತ್ತಿದ್ದವು. ಅಷ್ಟು ಸಾಕು ಅಂದುಕೊಂಡಿದ್ದೆ.

ಸಾಕಾಗಲಿಲ್ಲ. ಇಂದಿರಾನಗರದಲ್ಲಿ ಮೊದಲ ಇಂಟರ್‌ವ್ಯೂ ಇತ್ತು. ಇಸ್ತ್ರಿ ಮಾಡಿದ ಪ್ಯಾಂಟು, ಬೆನ್ನಿಗೆ ಮಾರ್ಕ್ಸ್ ಕಾರ್ಡ್ ತುಂಬಿದ ಬ್ಯಾಗು. ಕೆ.ಆರ್. ಪುರದಿಂದ ಹೊರಟು ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿಗೆ ಬಂದೆ. ಬೆಳಗಿನ ಒಂಬತ್ತಕ್ಕೆ ಅಲ್ಲಿ ಹೇಗಿರುತ್ತದೆ ಎಂದು ಗೊತ್ತಲ್ಲ, ರಸ್ತೆಯ ಎಡ ಅಂಚಿನಲ್ಲಿ ನುಸುಳುತ್ತಿದ್ದೆ. ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ನಾನೂ ನಿಂತು ಎಡಗಾಲು ಚಾಚಿದೆ. ಕೆಳಗೆ ನೆಲವೇ ಇರಲಿಲ್ಲ! ಅಲ್ಲಿಗೆ ಟಾರು ಮುಗಿದು ಒಂದು ಗೇಣು ಕೆಳಗೆ ಮಣ್ಣಿತ್ತು. ಸುಮಾರು 140 ಕೆ.ಜಿ.ಯ ಬೈಕು ನಿಧಾನವಾಗಿ, ಎಲ್ಲರೂ ನೋಡುವಷ್ಟು ನಿಧಾನವಾಗಿ, ನನ್ನನ್ನೂ ಕರೆದುಕೊಂಡು ಮಲಗಿತು.

ಆಟೊದವರೊಬ್ಬರು ಇಳಿದು ಬಂದು ಎತ್ತಿಸಿದರು. ‘ನಮ್ ಎತ್ತರ ನೋಡ್ಕೊಂಡು ಗಾಡಿ ತಗೋಬಾರ್ದಾ ತಮ್ಮಾ?’ ಅಂದರು. ಬೈಗುಳವಲ್ಲ, ಕಾಳಜಿಯೇ. ಅದಕ್ಕೇ ಹೆಚ್ಚು ಚುಚ್ಚಿತು. ಕ್ಲಚ್ ಲಿವರ್ ಮುರಿದಿತ್ತು, ಮಂಡಿ ಹತ್ತಿರ ಪ್ಯಾಂಟು ಹರಿದಿತ್ತು. ಇಂಟರ್‌ವ್ಯೂಗೆ ಅರ್ಧ ಗಂಟೆ ತಡ. ಆ ಕೆಲಸ ಸಿಗಲಿಲ್ಲ. ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿದರು: ‘ಮಾರಿಬಿಡು, ಸ್ಕೂಟರ್ ತಗೊ.’

ಮಾರಲು ಮನಸ್ಸು ಬರಲಿಲ್ಲ. ಬೈಕನ್ನೇ ತಗ್ಗಿಸೋಣ ಎಂದು ಶಿವಾಜಿನಗರಕ್ಕೆ ಹೋದೆ. ಗಲ್ಲಿಯೊಳಗಿನ ವಯಸ್ಸಾದ ಮೆಕ್ಯಾನಿಕ್ ಹೊಸ ಲಿವರ್ ಹಾಕುತ್ತಲೇ ನನ್ನ ಬೇಡಿಕೆ ಕೇಳಿಸಿಕೊಂಡರು. ‘ಹಿಂದಿನ ಲಿಂಕ್ ಬದಲಾಯಿಸಿದ್ರೆ ಗಾಡಿ ಇಳಿಯುತ್ತೆ. ಆಮೇಲೆ ಹಂಪ್ ಮೇಲೆ ಹೊಟ್ಟೆ ಉಜ್ಜುತ್ತೆ. ಸೈಡ್ ಸ್ಟ್ಯಾಂಡ್ ಉದ್ದ ಆಗುತ್ತೆ, ಗಾಡಿ ನೆಟ್ಟಗೆ ನಿಂತು ಆ ಕಡೆಗೆ ಬೀಳುತ್ತೆ. ತಿರುವಿನಲ್ಲಿ ಹ್ಯಾಂಡಲ್ ಮಾತು ಕೇಳಲ್ಲ’ ಎಂದರು. ಹಿಂದೆ ಮಾತ್ರ ತಗ್ಗಿಸಿದರೆ ಮುಂದಿನ ಫೋರ್ಕಿನ ಓರೆ ಬದಲಾಗುತ್ತದೆ ಎನ್ನುವುದು ಅವರ ಮಾತಿನ ಅರ್ಥ. ಕಂಪನಿ ಕೊಟ್ಟ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಡೆಯೂ ಇದೆ. ಕೊನೆಗೆ ಸೀಟಿನ ಫೋಮನ್ನು ತೊಡೆ ತಾಗುವ ಎರಡು ಅಂಚಿನಲ್ಲಿ ಮಾತ್ರ ಕೊರೆಸಿದೆ. ಸೀಟು ಅಗಲವಾಗಿದ್ದರೆ ಕಾಲು ಹೊರಕ್ಕೆ ಹರಡಿ ಉದ್ದ ಕಡಿಮೆಯಾಗುತ್ತದೆ, ಕಿರಿದಾದರೆ ನೇರ ಕೆಳಗಿಳಿಯುತ್ತದೆ.

ಹೊರಡುವಾಗ ಅವರು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. ‘ಎರಡೂ ಕಾಲು ಯಾಕೆ ಬೇಕು ನಿಂಗೆ? ಬ್ರೇಕ್ ಯಾರು ಹಿಡಿತಾರೆ?’

ಅಲ್ಲಿಂದ ನನ್ನ ಕಲಿಕೆ ಶುರುವಾಯಿತು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ನಿಲ್ಲುವ ಮುನ್ನ ಸೊಂಟವನ್ನು ಸೀಟಿನ ಎಡಕ್ಕೆ ಜಾರಿಸಿದರೆ ಎಡಪಾದ ಪೂರ್ತಿ ಊರುತ್ತದೆ. ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರುತ್ತದೆ. ತೂಗುಸೇತುವೆಯ ಏರಿನಲ್ಲಿ ಜಾಮ್ ಆದರೂ ಬೈಕು ಹಿಂದಕ್ಕೆ ಜಾರುವುದಿಲ್ಲ. ಎರಡು ತುದಿಗಾಲಿಗಿಂತ ಗಟ್ಟಿಯಾಗಿ ಊರಿದ ಒಂದು ಕಾಲು ಮೇಲು.

ಇನ್ನೊಂದು ಪಾಠ ನೆಲದ್ದು. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ. ಅಂದರೆ ಎಡಗಾಲಿಗೆ ಸಿಗುವುದು ಯಾವಾಗಲೂ ತಗ್ಗು. ಅಂಚಿನಿಂದ ಸ್ವಲ್ಪ ಒಳಗೆ ನಿಲ್ಲಬೇಕು, ಇಲ್ಲವೇ ಫುಟ್‌ಪಾತಿಗೆ ತಾಗಿ ನಿಂತು ಅದರ ಕಲ್ಲಿನ ಮೇಲೆ ಕಾಲಿಡಬೇಕು. ಹ್ಯಾಂಡಲ್ ತಿರುಗಿಸಿಕೊಂಡು ಮುಂದಿನ ಬ್ರೇಕ್ ಜಗ್ಗಿದರೆ ಬೀಳುವುದು ಖಚಿತ, ನೇರ ಮಾಡಿಕೊಂಡೇ ನಿಲ್ಲಿಸಬೇಕು. ಪಾರ್ಕಿಂಗ್‌ನಲ್ಲಿ ಮೂತಿ ಇಳಿಜಾರಿನ ಕಡೆಗಿದ್ದರೆ ಕೂತು ಹಿಂದಕ್ಕೆ ತಳ್ಳಲಾಗದು. ಇಳಿದು, ಎಡಗಡೆ ನಿಂತು, ಸೊಂಟಕ್ಕೆ ಒರಗಿಸಿ ತಳ್ಳುವುದರಲ್ಲಿ ಅವಮಾನವೇನಿಲ್ಲ. ಕೈಮೀರಿ ವಾಲಿತೋ, ಬಿಟ್ಟು ಸರಿಯಿರಿ. ಲಿವರ್ ಸಿಗುತ್ತದೆ, ಕಾಲು ಸಿಗುವುದಿಲ್ಲ.

ಕೊಳ್ಳುವವರು ಸೀಟಿನ ಎತ್ತರ ಮಾತ್ರ ನೋಡಬೇಡಿ. ಕವಾಸಕಿ ನಿಂಜಾ 300ರ ಸೀಟು ಸುಮಾರು 780 ಮಿ.ಮೀ., ಆರ್15ಗಿಂತ ತಗ್ಗು. ಆದರೆ ತೂಕ ಸುಮಾರು 180 ಕೆ.ಜಿ. ದಪ್ಪ ಅಟ್ಟೆಯ ಶೂ ಹಾಕಿಕೊಂಡು ಹೋಗಿ ಕೂತು ನೋಡಿ, ಇಳಿದು ತಳ್ಳಿಯೂ ನೋಡಿ. ಗೇರ್ ಬೈಕಿನ ಲೈಸೆನ್ಸಿಗೆ ಕಾಯ್ದೆ ಕೇಳುವುದು 18 ವರ್ಷ ವಯಸ್ಸು, ಎತ್ತರವನ್ನಲ್ಲ.

ಸ್ಪೇನಿನ ಡ್ಯಾನಿ ಪೆಡ್ರೋಸಾ ಎತ್ತರ ಸುಮಾರು 160 ಸೆಂ.ಮೀ. 2003ರಲ್ಲಿ 125 ಸಿಸಿ, 2004 ಮತ್ತು 2005ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್. ಮೋಟೊಜಿಪಿಯಲ್ಲಿ 31 ರೇಸ್ ಗೆದ್ದವರು. ಅವರ ಬಗ್ಗೆ ಓದಿದಾಗ ನನಗೆ ಹೊಳೆದದ್ದಿಷ್ಟು: ಓಡುವ ಬೈಕು ಯಾರ ಎತ್ತರವನ್ನೂ ಕೇಳುವುದಿಲ್ಲ. ನಮ್ಮಂಥವರ ತೊಂದರೆಯೆಲ್ಲ ನಿಲ್ಲುವ ಆ ಎರಡು ಸೆಕೆಂಡಿನದು. ಟ್ರ್ಯಾಕಿನಲ್ಲಿ ಸಿಗ್ನಲ್ ಇಲ್ಲ, ಟಿನ್ ಫ್ಯಾಕ್ಟರಿಯೂ ಇಲ್ಲ. ಆ ಎರಡು ಸೆಕೆಂಡನ್ನು ನಾವೇ ಕಲಿಯಬೇಕು.

ಈಗ ಹಲಸೂರಿನಲ್ಲಿ ಒಂದು ಚಿಕ್ಕ ಕೆಲಸ ಸಿಕ್ಕಿದೆ. ದಿನಾ ಅದೇ ದಾರಿ. ಕಳೆದ ತಿಂಗಳು ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸೋಮೇಶ್ವರ ದೇವಸ್ಥಾನಕ್ಕೆ ಬಂದೆ. ಅಟ್ಟದ ಮೇಲಿನಂಥ ಆ ಸೀಟಿನಿಂದ ಇಳಿದು ಸೊಂಟ ಹಿಡಿದುಕೊಂಡು, ‘ನಿಲ್ಲಿಸೋ ಮುಂಚೆ ನೆಲ ನೋಡ್ತೀಯ. ಪರವಾಗಿಲ್ಲ’ ಎಂದರು.

ವಾಪಸ್ ಮಾತ್ರ ಮೆಟ್ರೊದಲ್ಲೇ ಹೋದರು.