*ಬಾಯಲ್ಲಿ ಬಾರದ ಭಯ ಚಿತ್ರದಲ್ಲಿ ಬರಲಿ* ✏️

ನಡುರಾತ್ರಿ ಕೆಟ್ಟ ಕನಸು ಬಿದ್ದು ಎಚ್ಚರವಾಗುತ್ತದೆ. ಬೆಳಿಗ್ಗೆ ಮನೆಯವರು ಕೇಳಿದರೆ "ಏನಿಲ್ಲ ಬಿಡಿ" ಎನ್ನುತ್ತೀರಿ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆಂಬ ದಿಗಿಲು, ಹೊಸ ಶಾಲೆಯಲ್ಲಿ ಭಾಷೆ ಬಾರದ ಮಗುವಿನ ಅಂಜಿಕೆ, ಇವೆಲ್ಲ ಒಳಗೇ ಉಳಿದುಬಿಡುತ್ತವೆ. ಹೇಳಲು ಆಗದಿದ್ದರೆ ಚಿತ್ರ ಬರೆದು ನೋಡಿ.

ಫ್ರಾನ್ಸಿನ ಚಿತ್ರಕಾರ ಡೇವಿಡ್ ಬಿ ಅವರ ಅಣ್ಣನಿಗೆ ಚಿಕ್ಕಂದಿನಲ್ಲೇ ಮೂರ್ಛೆರೋಗ ಬಂತು. ಡಾಕ್ಟರು, ಪಥ್ಯ, ಪ್ರೇತಗಳ ಜೊತೆ ಮಾತಾಡುವವರು ಎಂದು ಮನೆಯವರು ಎಲ್ಲ ಕಡೆ ಅಲೆದರು. ಆ ಕಥೆಯನ್ನು ಅವರು 1996ರಿಂದ 2003ರವರೆಗೆ ಆರು ಭಾಗಗಳ ಚಿತ್ರಕಾದಂಬರಿಯಾಗಿ ಹೊರತಂದರು. ಅದರಲ್ಲಿ ರೋಗವು ಅಣ್ಣನ ಮೈಗೆ ಸುತ್ತಿಕೊಂಡ ಉದ್ದನೆಯ ಘಟಸರ್ಪದಂತಿದೆ. ತಾವು ಕಂಡ ಕನಸುಗಳನ್ನೂ ಅವರು ಬರೆದಿದ್ದಾರೆ.

ಇರಾನಿನ ಮರ್ಜಾನೆ ಸತ್ರಪಿ 14ನೇ ವಯಸ್ಸಿಗೆ ಮನೆ ಬಿಟ್ಟು ವಿಯೆನ್ನಾಕ್ಕೆ ಹೋದವರು. ಪರಊರಿನ ಆ ಒಂಟಿತನವನ್ನು 'ಪರ್ಸೆಪೊಲಿಸ್'ನಲ್ಲಿ ಸರಳ ಕಪ್ಪು ಬಿಳುಪು ಚಿತ್ರಗಳಲ್ಲಿ ಹೇಳಿದರು.

"ನನಗೆ ಚಿತ್ರ ಬರೆಯಲು ಬರುವುದಿಲ್ಲ" ಎನ್ನುತ್ತೀರಾ? 2016ರಲ್ಲಿ ಪ್ರಕಟವಾದ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 39 ಜನ 45 ನಿಮಿಷ ಕಲೆಯಲ್ಲಿ ತೊಡಗಿದರು. ಸುಮಾರು 75% ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಳಿಯಿತು. ಮೊದಲೇ ಕಲಿತವರು, ಕಲಿಯದವರು ಎಂಬ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಆದರೆ ಖರ್ಚೂ ಇಲ್ಲ.

*ಹೀಗೆ ಮಾಡಿ:*

1️⃣ ಹಳೇ ನೋಟ್‌ಬುಕ್, ಪೆನ್ಸಿಲ್ ಸಾಕು. ಹಾಳೆಯಲ್ಲಿ ನಾಲ್ಕು ಚೌಕ ಹಾಕಿ.
2️⃣ ಮೊದಲ ಚೌಕದಲ್ಲಿ ನೀವು ಎಲ್ಲಿದ್ದಿರಿ, ಎರಡನೆಯದರಲ್ಲಿ ಭಯ ಹೇಗೆ ಕಂಡಿತು, ಮೂರನೆಯದರಲ್ಲಿ ನೀವೇನು ಮಾಡಿದಿರಿ.
3️⃣ ನಾಲ್ಕನೆಯದರಲ್ಲಿ ಕನಸು ಹೇಗೆ ಮುಗಿಯಬೇಕಿತ್ತೋ ಹಾಗೆ ಬರೆಯಿರಿ.
4️⃣ ಮಲಗುವ ಹೊತ್ತಿಗೆ ಬೇಡ, ಹಗಲಲ್ಲೇ ಬರೆಯಿರಿ.

*ಮಕ್ಕಳ ಜೊತೆ:* "ಇದೇನು ಹೀಗೆ ಗೀಚಿದ್ದೀಯ?" ಎನ್ನಬೇಡಿ. "ಇಲ್ಲಿ ಏನಾಗ್ತಿದೆ ಪುಟ್ಟಾ?" ಎಂದು ಕೇಳಿ, ಸುಮ್ಮನೆ ಆಲಿಸಿ. ಆ ಚಿತ್ರವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅದು ನಿಮ್ಮನ್ನು ನಂಬಿ ತೋರಿಸಿದ್ದು.

⚠️ ಚಿತ್ರ ಔಷಧಿಗೆ ಬದಲಿಯಲ್ಲ. ಫಿಟ್ಸ್ ಆಗಲಿ, ಮನಸ್ಸಿನ ಕಾಯಿಲೆಯಾಗಲಿ, ಮಾತ್ರೆ ನಿಲ್ಲಿಸಬೇಡಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ಡಾಕ್ಟರನ್ನು ಕಾಣಿ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ *14416*ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮುಂಬೈ, ಪುಣೆ, ಚೆನ್ನೈ, ಎಲ್ಲೇ ಇರುವ ನಮ್ಮವರಿಗೂ ಇದನ್ನು ಕಳುಹಿಸಿ 🌼