ಪಾಠಕ್ಕೆ ಮುಂಚಿನ ಪಾಠ

ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೊರದೇಶಗಳ ಯುವಕ ಯುವತಿಯರನ್ನು ಕರೆಸುವ 'ಜೆಟ್' ಯೋಜನೆಯನ್ನು ಜಪಾನ್ ಸರ್ಕಾರ ಆರಂಭಿಸಿದ್ದು 1987ರಲ್ಲಿ. ಆ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ 848 ಮಂದಿ ಬಂದರು. ಪದವಿ ಬೇಕು, ಇಂಗ್ಲಿಷ್ ಮೇಲೆ ಹಿಡಿತ ಬೇಕು. ಪಾಠ ಹೇಳಿದ ಅನುಭವವಾಗಲಿ, ಜಪಾನಿ ಭಾಷೆಯಾಗಲಿ ಕಡ್ಡಾಯವಲ್ಲ.

ಹಾಗೆಂದು ಹೊರಡುವುದು ಸುಲಭವೇನಲ್ಲ. ಯಾವ ಊರು ಬೇಕೆಂದು ಕೇಳಿಕೊಳ್ಳಬಹುದು, ಅಷ್ಟೆ. ಟೋಕಿಯೊ ಬಯಸಿದವರ ಪಾಲಿಗೆ ಬೆಟ್ಟದ ಹಳ್ಳಿಯೋ ಪುಟ್ಟ ದ್ವೀಪವೋ ಬರಬಹುದು. ಒಪ್ಪಂದ ಒಂದೊಂದೇ ವರ್ಷದ್ದು. ನವೀಕರಿಸುತ್ತ ಹೋದರೂ ಐದು ವರ್ಷದ ಮಿತಿ ಉಂಟು. ಮೊದಲ ಸಂಬಳ ಕೈಸೇರುವವರೆಗಿನ ಖರ್ಚಿಗೆ ಹಣ ಜೊತೆಗಿರಬೇಕು. ಬಾಡಿಗೆ ಮನೆಗೆ ಮುಂಗಡವಲ್ಲದೆ, ಕೆಲವೆಡೆ ಮಾಲೀಕರಿಗೆ 'ರೇಕಿನ್' ಎಂಬ ಕಾಣಿಕೆಯನ್ನೂ ಕೊಡಬೇಕು. ಅದು ಮರಳಿ ಬಾರದು.

ಪೆಟ್ಟಿಗೆಯಲ್ಲಿ ವ್ಯಾಕರಣ ಪುಸ್ತಕಕ್ಕಿಂತ ಮೊದಲು ಸೇರಬೇಕಾದದ್ದು ಶಾಲೆಯ ಒಳಗಷ್ಟೇ ಹಾಕುವ ಒಂದು ಜೊತೆ ಬೂಟು. ಬೀದಿಯಲ್ಲಿ ತೊಟ್ಟದ್ದು ಬಾಗಿಲಲ್ಲೇ ಉಳಿಯಬೇಕು. ದೊಡ್ಡ ಪಾದದವರಿಗೆ ಅಲ್ಲಿನ ಅಂಗಡಿಗಳಲ್ಲಿ ಅಳತೆ ಸಿಗುವುದು ಕಷ್ಟ. ಸಹೋದ್ಯೋಗಿಗಳಿಗೆ ಹಂಚಲು ತಮ್ಮೂರಿನ ಸಣ್ಣ ತಿನಿಸು, ಮೊದಲ ತರಗತಿಯಲ್ಲಿ ಪರಿಚಯ ಹೇಳಿಕೊಳ್ಳಲು ಮನೆಯವರ, ಬೀದಿಯ, ಊಟದ ಫೋಟೊಗಳೂ ಬೇಕು.

ಹೀಗೆ ಹೋಗುವವರಲ್ಲಿ ಹೆಚ್ಚಿನವರು ಸಹಾಯಕ ಶಿಕ್ಷಕರು. ತರಗತಿಯ ಹೊಣೆ ಜಪಾನಿ ಶಿಕ್ಷಕರದು. ಪರಕೀಯರೊಡನೆ ಬಾಯಿಬಿಟ್ಟು ಮಾತನಾಡುವ ಧೈರ್ಯವನ್ನು ಮಕ್ಕಳಲ್ಲಿ ತುಂಬುವುದು ಇವರ ಪಾಲಿನ ಕೆಲಸ. ಆದ್ದರಿಂದ ಹೊರಡುವ ಮುನ್ನ ನಾಲ್ಕು ಜಪಾನಿ ಮಾತು ಕಲಿಯುವುದು ವ್ಯರ್ಥವಲ್ಲ. ತರಕಾರಿ ಅಂಗಡಿಯ ಮುಂದೆ ತಡವರಿಸಿ ನಿಂತವರಿಗೆ, ಕರಿಹಲಗೆಯ ಮುಂದೆ ತಡವರಿಸುವ ಮಗುವಿನ ಕಷ್ಟ ಬೇಗ ಅರ್ಥವಾಗುತ್ತದೆ.